ಡ್ರಾಫ್ಟ್‌ಗೆ ಮೊದಲೇ ಆಡಿ ಮುಗಿಸಬೇಕಾದ ಜಗಳ: ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ ಆಟಗಾರರ ಅರ್ಹತೆ

2024ರ ಮಾರ್ಚ್‌ನ ಒಂದು ಶನಿವಾರ ಸಂಜೆ ನಮ್ಮ ಹನ್ನೆರಡು ಜನರ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ ಡ್ರಾಫ್ಟ್, ಅಂದರೆ ನಿಜವಾದ ಆಟಗಾರರನ್ನು ನಮ್ಮ ನಮ್ಮ ತಂಡಗಳಿಗೆ ಸರದಿಯಂತೆ ಆರಿಸಿಕೊಳ್ಳುವ ಕೂಟ, ‘16’ ಎಂಬ ಒಂದು ಅಂಕಿಯ ಮುಂದೆ ಮುಕ್ಕಾಲು ಗಂಟೆ ನಿಂತುಹೋಯಿತು. ಮೊದಲ ಸುತ್ತಿನಲ್ಲಿ ಗೆಳೆಯರೊಬ್ಬರು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಮೂಕಿ ಬೆಟ್ಸ್ ಅವರನ್ನು ಆರಿಸಿ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಜಾಗದಲ್ಲಿ ಕೂರಿಸಿದರು. ಎದುರಿಗಿದ್ದವರು ಚುರುಮುರಿ ತಟ್ಟೆ ಕೆಳಗಿಟ್ಟು, “ಅವರು ಶಾರ್ಟ್‌ಸ್ಟಾಪ್ ಅಲ್ಲ ಸ್ವಾಮಿ, ಹೋದ ವರ್ಷ ಅಲ್ಲಿ ಆಡಿದ್ದು ಬರೀ ಹದಿನಾರು ಪಂದ್ಯ” ಎಂದರು. “ಆ್ಯಪ್ ತೋರಿಸುತ್ತಿದೆಯಲ್ಲ” ಎಂದರು ಇವರು. “ನಮ್ಮ ಲೀಗಿನಲ್ಲಿ ಇಪ್ಪತ್ತು ಬೇಕು ಎಂದು ಮಾತಾಗಿತ್ತು” ಎಂದರು ಅವರು. “ಎಲ್ಲಿ ಬರೆದಿದೆ, ತೋರಿಸಿ.” ಎಲ್ಲಿಯೂ ಬರೆದಿರಲಿಲ್ಲ. ಕಮಿಷನರ್, ಅಂದರೆ ಲೀಗ್ ನಡೆಸಿ ತೀರ್ಪು ಕೊಡಬೇಕಾದವನು, ನಾನೇ.

ಇಬ್ಬರ ಮಾತೂ ಸುಳ್ಳಲ್ಲ. 2023ರಲ್ಲಿ ಬೆಟ್ಸ್ ಹೆಚ್ಚಾಗಿ ಆಡಿದ್ದು ರೈಟ್ ಫೀಲ್ಡ್‌ನಲ್ಲಿ, ಅಂದರೆ ಔಟ್‌ಫೀಲ್ಡ್‌ನ ಬಲಭಾಗದಲ್ಲಿ. ಸೆಕೆಂಡ್ ಬೇಸ್‌ನಲ್ಲಿ 70 ಪಂದ್ಯ, ಶಾರ್ಟ್‌ಸ್ಟಾಪ್‌ನಲ್ಲಿ 16 ಪಂದ್ಯ. 20 ಪಂದ್ಯದ ಮಿತಿ ಇಟ್ಟ ಲೀಗಿನಲ್ಲಿ ಅವರು ಸೆಕೆಂಡ್ ಬೇಸ್ ಮತ್ತು ಔಟ್‌ಫೀಲ್ಡ್‌ಗೆ ಮಾತ್ರ ಅರ್ಹರು. 10 ಪಂದ್ಯದ ಮಿತಿಯಾದರೆ ಮೂರಕ್ಕೂ ಅರ್ಹರು. ಗೊಂದಲ ಸಾಲದು ಎಂಬಂತೆ, ಅದೇ ಮಾರ್ಚ್ ಆರಂಭದಲ್ಲಿ ಡಾಡ್ಜರ್ಸ್ ತಂಡ ‘ಇನ್ನು ಮುಂದೆ ಬೆಟ್ಸ್ ನಮ್ಮ ಕಾಯಂ ಶಾರ್ಟ್‌ಸ್ಟಾಪ್’ ಎಂದು ಸಾರಿಬಿಟ್ಟಿತ್ತು.

ಕೊನೆಗೆ, ಎಲ್ಲರೂ ವಾರಗಟ್ಟಲೆ ನೋಡಿಕೊಂಡು ತಯಾರಿ ನಡೆಸಿದ್ದು ಆ್ಯಪ್‌ನ ಪರದೆಯನ್ನೇ ಆದ್ದರಿಂದ, ಆ ವರ್ಷದ ಮಟ್ಟಿಗೆ ಪರದೆಯಲ್ಲಿ ಕಂಡದ್ದೇ ಸರಿ ಎಂದು ತೀರ್ಪು ಕೊಟ್ಟೆ. ಸೋತವರು ಎರಡು ವಾರ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಅವರದೇನೂ ತಪ್ಪಿಲ್ಲ. 16 ಸಾಕೋ 20 ಬೇಕೋ ಎಂಬುದು ಹಿಂದಿನ ವಾರ ಕೇಳಿದ್ದರೆ ಐದು ನಿಮಿಷದ ಪ್ರಶ್ನೆ. ಬೆಟ್ಸ್ ಹೆಸರು ಅಂಟಿಕೊಂಡ ಮೇಲೆ ಆ ಕೋಣೆಯಲ್ಲಿ ಲಾಭ ನಷ್ಟ ಇಲ್ಲದೆ ಮಾತಾಡುವವರು ಒಬ್ಬರೂ ಉಳಿದಿರಲಿಲ್ಲ. ಆ ಸಂಜೆಯ ನಂತರ ನಾವು ಮಾಡಿಕೊಂಡ ಕ್ರಮವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು, ಸ್ಥಾನಕ್ಕೆ ಯಾಕಿಷ್ಟು ಬೆಲೆ

ಈ ಆಟದ ಗಂಧಗಾಳಿ ಇಲ್ಲದವರಿಗೆ ನಾಲ್ಕು ಮಾತು. ಅಮೆರಿಕದ ಮೇಜರ್ ಲೀಗ್‌ನ ನಿಜವಾದ ಆಟಗಾರರನ್ನು ನಾವು ನಾವೇ ಹಂಚಿಕೊಂಡು, ಅವರು ಮೈದಾನದಲ್ಲಿ ಗಳಿಸುವ ಅಂಕಿಗಳ ಮೇಲೆ ಸ್ಪರ್ಧಿಸುವುದು ಫ್ಯಾಂಟಸಿ ಬೇಸ್‌ಬಾಲ್. ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು 1980ರ ಸೀಸನ್‌ನಲ್ಲಿ ಇದನ್ನು ಮೊದಲ ಸಲ ಆಡಿದರು. ಅವರು ಸೇರುತ್ತಿದ್ದ ನ್ಯೂಯಾರ್ಕಿನ ಫ್ರೆಂಚ್ ಹೋಟೆಲಿನ ಹೆಸರಿನಿಂದಲೇ ‘ರೊಟಿಸರಿ’ ಎಂಬ ಹೆಸರು ಈ ಆಟಕ್ಕೆ ಅಂಟಿತು. ಹಳೆಯ ಸಂಪ್ರದಾಯದಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳಲು ಒಬ್ಬೊಬ್ಬರಿಗೆ 260 ಡಾಲರ್ ಲೆಕ್ಕದ ಹಣ, ತುಂಬಬೇಕಾದದ್ದು 23 ಜಾಗ: 14 ಬ್ಯಾಟರ್, 9 ಪಿಚರ್ (ಚೆಂಡೆಸೆಯುವವರು). ಬ್ಯಾಟರ್‌ಗಳಲ್ಲಿ ಇಬ್ಬರು ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದಂತೆ), ಐವರು ಔಟ್‌ಫೀಲ್ಡರ್, ಉಳಿದವರು ಒಳಮೈದಾನದವರು. ‘ಯುಟಿಲಿಟಿ’ ಎಂಬ ಒಂದು ಜಾಗಕ್ಕೆ ಯಾವ ಬ್ಯಾಟರ್ ಆದರೂ ನಡೆಯುತ್ತದೆ. ಅವರವರ ಸ್ಥಾನದವರನ್ನೇ ಅಲ್ಲಲ್ಲಿ ಕೂರಿಸಬೇಕು.

2003ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ವಿಕೆಟ್ ಕೀಪಿಂಗ್ ಗ್ಲೌಸ್ ತೊಟ್ಟಿದ್ದು ನೆನಪಿದೆಯಲ್ಲ? ಅದರಿಂದ ಭಾರತಕ್ಕೆ ಏಳನೆಯ ಬ್ಯಾಟ್ಸ್‌ಮನ್‌ಗೆ ಜಾಗ ಸಿಕ್ಕಿತು. ಇಲ್ಲಿಯೂ ಅದೇ ಲೆಕ್ಕ. ಚೆನ್ನಾಗಿ ಬ್ಯಾಟ್ ಬೀಸುವ ಕ್ಯಾಚರ್‌ಗಳು ಬೆರಳೆಣಿಕೆಯಷ್ಟು. 2022ರಲ್ಲಿ ಅರಿಜೋನಾದ ಡಾಲ್ಟನ್ ವಾರ್ಶೋ 27 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ) ಹೊಡೆದು 16 ಬೇಸ್ ಕದ್ದರು, ಅಂದರೆ ಪಿಚರ್ ಎಸೆಯುವಷ್ಟರಲ್ಲಿ ಓಡಿ ಮುಂದಿನ ಬೇಸ್ ಮುಟ್ಟಿದರು. ಔಟ್‌ಫೀಲ್ಡರ್ ಒಬ್ಬ ಇಷ್ಟು ಮಾಡಿದರೆ ಚೆನ್ನ, ಕ್ಯಾಚರ್ ಮಾಡಿದರೆ ಹಬ್ಬ. ಆ ವರ್ಷ ಅವರು 31 ಪಂದ್ಯಗಳಲ್ಲಿ ಕ್ಯಾಚರ್ ಆಗಿದ್ದರು. ಮುಂದಿನ ವರ್ಷ ಟೊರೊಂಟೊ ತಂಡ ಅವರನ್ನು ಔಟ್‌ಫೀಲ್ಡ್‌ನಲ್ಲೇ ನಿಲ್ಲಿಸಿತು. ಆದರೂ ಹಿಂದಿನ ವರ್ಷದ 31ರ ಬಲದಿಂದ 2023ರ ಫ್ಯಾಂಟಸಿಯಲ್ಲಿ ಅವರು ವರ್ಷವಿಡೀ ಕ್ಯಾಚರ್ ಆಗಿಯೇ ಉಳಿದರು. ಇದು ನಿಯಮದ ದೋಷವಲ್ಲ. ಗೊತ್ತಿದ್ದವರು ಹರಾಜಿನಲ್ಲಿ ನಾಲ್ಕು ಡಾಲರ್ ಹೆಚ್ಚು ಕೊಟ್ಟು ಕೊಂಡರು, ಅಷ್ಟೆ.

ಹೆಜ್ಜೆ 1: ನಿಮ್ಮ ಆ್ಯಪ್ ಯಾವ ಲೆಕ್ಕ ಹಿಡಿಯುತ್ತದೆ, ನೋಡಿ

ನಿಯಮ ಬರೆಯಲು ಕೂರುವ ಮುನ್ನ ನೀವು ಬಳಸುವ ಆ್ಯಪ್ ಅಥವಾ ಜಾಲತಾಣದ ಸಹಾಯ ಪುಟ ತೆರೆಯಿರಿ. ಎಲ್ಲರದೂ ಒಂದೇ ಲೆಕ್ಕವಲ್ಲ. ಯಾಹೂ ಉದಾರಿ: ಒಂದು ಸ್ಥಾನದಲ್ಲಿ 5 ಪಂದ್ಯಗಳ ಆರಂಭದಿಂದ ಆಡಿದ್ದರೆ, ಅಥವಾ ಒಟ್ಟು 10 ಪಂದ್ಯಗಳಲ್ಲಿ ಕಾಣಿಸಿಕೊಂಡಿದ್ದರೆ ಸಾಕು. ಇಎಸ್‌ಪಿಎನ್ ಬಿಗಿ: ಹಿಂದಿನ ವರ್ಷ 20 ಪಂದ್ಯ, ಈ ವರ್ಷದ ನಡುವೆ ಹೊಸ ಸ್ಥಾನ ಗಳಿಸಲು 10 ಪಂದ್ಯ. ಬೆಟ್ಸ್ ವಿಷಯದಲ್ಲಿ ಒಬ್ಬರಿಗೆ ‘ಹೌದು’ ಇನ್ನೊಬ್ಬರಿಗೆ ‘ಅಲ್ಲ’ ಆದದ್ದು ಈ ಅಂತರದಿಂದಲೇ. ಮಿತಿಗಳನ್ನು ಆಗೀಗ ಬದಲಿಸುವುದೂ ಉಂಟು, ಆದ್ದರಿಂದ ಪ್ರತಿ ಫೆಬ್ರವರಿಯಲ್ಲಿ ಒಮ್ಮೆ ಹೊಸದಾಗಿ ಓದಿಕೊಳ್ಳಿ.

ಆಮೇಲೆ ಒಂದು ತೀರ್ಮಾನ: ಆ್ಯಪ್ ಹೇಳಿದ್ದೇ ಅಂತಿಮವೋ, ನಮ್ಮ ಕಾಗದ ಅಂತಿಮವೋ? ಹೊಸಬರ ಲೀಗ್ ಆದರೆ ಆ್ಯಪ್‌ಗೇ ಬಿಡಿ ಎನ್ನುತ್ತೇನೆ. ಸ್ವಂತ ಮಿತಿ ಇಟ್ಟುಕೊಂಡರೆ ಆಟಗಾರರ ಸ್ಥಾನಗಳನ್ನು ಕಮಿಷನರ್ ಒಂದೊಂದಾಗಿ ಕೈಯಲ್ಲೇ ತಿದ್ದಬೇಕಾಗಬಹುದು. ಹಾಗೆ ತಿದ್ದಲು ಅವಕಾಶವೇ ಇಲ್ಲದ ಕಡೆಯೂ ಇದೆ. ಮೊದಲ ಉತ್ಸಾಹದಲ್ಲಿ ಒಪ್ಪಿಕೊಂಡು ಜೂನ್ ಹೊತ್ತಿಗೆ ಕೈಚೆಲ್ಲಿದ ಕಮಿಷನರ್‌ಗಳನ್ನು ಕಂಡಿದ್ದೇನೆ. ಒಬ್ಬನನ್ನು ಕನ್ನಡಿಯಲ್ಲೂ ಕಂಡಿದ್ದೇನೆ.

ಹೆಜ್ಜೆ 2: ಅಂಕಿ ಒಂದನ್ನು ಗೊತ್ತು ಮಾಡಿ, ಎಲ್ಲಿಂದ ತೆಗೆದುಕೊಳ್ಳಬೇಕೆಂದೂ ಹೇಳಿ

‘ಆ ಸ್ಥಾನದಲ್ಲಿ ಸಾಕಷ್ಟು ಆಡಿರಬೇಕು’ ಎಂದು ಬರೆದರೆ ಬರೆಯದಿದ್ದಂತೆಯೇ. ‘ಕಾಯಂ ಆಟಗಾರನಾಗಿರಬೇಕು’, ‘ತಂಡ ಘೋಷಿಸಿರಬೇಕು’ ಇವೂ ಬೇಡ. ತರಬೇತುದಾರರು ಮಾರ್ಚ್‌ನಲ್ಲಿ ಪತ್ರಕರ್ತರ ಮುಂದೆ ನೂರು ಹೇಳುತ್ತಾರೆ. ಎಣಿಸಬಹುದಾದ, ಯಾರು ಎಣಿಸಿದರೂ ಒಂದೇ ಬರುವ ಸಂಗತಿ ಮಾತ್ರ ನಿಯಮವಾಗಬಲ್ಲದು.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಆಡಿದ ಪಂದ್ಯ’ ಬೇರೆ, ‘ಆರಂಭದಿಂದ ಆಡಿದ ಪಂದ್ಯ’ ಬೇರೆ. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಎರಡು ಚೆಂಡಿಗೆ ಹೋಗಿ ಶಾರ್ಟ್‌ಸ್ಟಾಪ್‌ನಲ್ಲಿ ನಿಂತು ಬಂದರೂ ಅದು ಆಡಿದ ಪಂದ್ಯವೇ. ನಾವು ಆಡಿದ ಪಂದ್ಯಗಳನ್ನೇ ಲೆಕ್ಕ ಹಿಡಿಯುತ್ತೇವೆ, ಮಿತಿ 20. ಲೆಕ್ಕಕ್ಕೆ ಆಧಾರ ಬೇಸ್‌ಬಾಲ್ ರೆಫರೆನ್ಸ್ ಜಾಲತಾಣದ ಫೀಲ್ಡಿಂಗ್ ಪಟ್ಟಿ. ಎಡ, ಮಧ್ಯ, ಬಲ ಔಟ್‌ಫೀಲ್ಡ್‌ಗಳನ್ನು ನಮ್ಮಲ್ಲಿ ಬೇರೆ ಮಾಡುವುದಿಲ್ಲವಾದ್ದರಿಂದ ಮೂರೂ ಕೂಡಿಸಿ ನೋಡಬೇಕು. ಆದರೆ ಮೂರು ಸಾಲುಗಳನ್ನು ಹಾಗೇ ಕೂಡಿಸಬೇಡಿ. ಒಂದೇ ಪಂದ್ಯದಲ್ಲಿ ಎಡಕ್ಕೂ ಬಲಕ್ಕೂ ನಿಂತವನ ಪಂದ್ಯ ಎರಡು ಸಲ ಲೆಕ್ಕವಾಗುತ್ತದೆ. ಔಟ್‌ಫೀಲ್ಡ್ ಎಂಬ ಒಟ್ಟು ಸಾಲನ್ನೇ ನೋಡಿ.

20 ಸರಿಯೋ 10 ಸರಿಯೋ? ನನ್ನ ಅಭಿಪ್ರಾಯ ಕೇಳಿದರೆ, ಹತ್ತಕ್ಕಿಂತ ಕಡಿಮೆ ಜನರ ಲೀಗಿನಲ್ಲಿ 20 ಇರಲಿ. ಆಟಗಾರರು ಧಾರಾಳ ಸಿಗುವಾಗ ಬಿಗಿ ಇದ್ದರೇ ರುಚಿ. ಹದಿನೈದು ಜನರ ಲೀಗಿನಲ್ಲಿ ಕೊನೆಕೊನೆಗೆ ಜಾಗ ತುಂಬಲು ಜನವೇ ಸಿಗುವುದಿಲ್ಲ, ಅಲ್ಲಿ 10 ಇಟ್ಟರೆ ಎಲ್ಲರಿಗೂ ಉಸಿರಾಡಲು ಜಾಗ. ಸೀಸನ್ ಮೊಟಕಾದರೆ ಏನು ಮಾಡಬೇಕೆಂದು ಒಂದು ಸಾಲು ಸೇರಿಸಿ. 2020ರಲ್ಲಿ ಕೋವಿಡ್‌ನಿಂದಾಗಿ 162ರ ಬದಲು 60 ಪಂದ್ಯಗಳಷ್ಟೇ ನಡೆದವು. ಆ ಅರುವತ್ತರಲ್ಲಿ ಇಪ್ಪತ್ತನ್ನು ಒಂದೇ ಸ್ಥಾನದಲ್ಲಿ ಆಡುವುದೆಂದರೆ ಸೀಸನ್‌ನ ಮೂರನೆಯ ಒಂದು ಭಾಗ.

ಹೆಜ್ಜೆ 3: ಹಿಂದಿನ ವರ್ಷ ಆಡದೇ ಇದ್ದವರಿಗೆ

ಅಂಕಿ ಇಟ್ಟ ಕೂಡಲೇ ಅಂಕಿಯೇ ಇಲ್ಲದವರು ಬಾಗಿಲಲ್ಲಿ ನಿಲ್ಲುತ್ತಾರೆ. ಸ್ಯಾನ್ ಡಿಯಾಗೊದ ಫರ್ನಾಂಡೊ ಟಾಟಿಸ್ ಜೂನಿಯರ್ 2022ರಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲು ಮಣಿಕಟ್ಟು ಮುರಿದಿತ್ತು, ಆಗಸ್ಟ್‌ನಲ್ಲಿ ನಿಷೇಧಿತ ಔಷಧ ಸೇವನೆಗಾಗಿ 80 ಪಂದ್ಯಗಳ ಅಮಾನತು ಬಿತ್ತು. 2023ರ ಡ್ರಾಫ್ಟ್‌ನಲ್ಲಿ ಅವರು ಏನು? 2021ರಲ್ಲಿ ಮುಖ್ಯವಾಗಿ ಶಾರ್ಟ್‌ಸ್ಟಾಪ್, ಕೆಲವು ಪಂದ್ಯ ಔಟ್‌ಫೀಲ್ಡ್. 2023ರಲ್ಲಿ ತಂಡ ಅವರನ್ನು ರೈಟ್ ಫೀಲ್ಡ್‌ಗೆ ಕಳಿಸಿತು. ನಮ್ಮ ನಿಯಮ ಹೀಗಿದೆ: ಹಿಂದಿನ ಸೀಸನ್‌ನಲ್ಲಿ ಒಟ್ಟು 20 ಪಂದ್ಯವೂ ಆಡದಿದ್ದರೆ ಅದಕ್ಕೂ ಹಿಂದಿನ ಸೀಸನ್ ನೋಡಬೇಕು. ಅದೂ ಸಾಲದಿದ್ದರೆ, ಕೊನೆಯ ಸಲ ಆಡಿದ ವರ್ಷದಲ್ಲಿ ಅತಿ ಹೆಚ್ಚು ಪಂದ್ಯ ಆಡಿದ ಒಂದೇ ಒಂದು ಸ್ಥಾನ.

ಹೊಸಬರಿಗೆ ಕೆಳಹಂತದ ಲೀಗ್‌ಗಳಲ್ಲಿ, ಎಂದರೆ ಮೈನರ್ ಲೀಗ್‌ಗಳಲ್ಲಿ, ಹಿಂದಿನ ವರ್ಷ ಅತಿ ಹೆಚ್ಚು ಆಡಿದ ಸ್ಥಾನ. ಜಾಕ್ಸನ್ ಮೆರಿಲ್ ಉದಾಹರಣೆ. ಮೈನರ್‌ನಲ್ಲಿ ಶಾರ್ಟ್‌ಸ್ಟಾಪ್ ಆಗಿ ಬೆಳೆದ ಹುಡುಗ 2024ರಲ್ಲಿ ಸ್ಯಾನ್ ಡಿಯಾಗೊಗೆ ಸೆಂಟರ್ ಫೀಲ್ಡರ್ ಆಗಿ ಕಾಲಿಟ್ಟ. ಹಿಂದಿನ ವರ್ಷದ ಲೆಕ್ಕ ಹಿಡಿದ ಕಡೆ ಆತ ಶಾರ್ಟ್‌ಸ್ಟಾಪ್, ಏಪ್ರಿಲ್ ಕಳೆಯುವಷ್ಟರಲ್ಲಿ ಔಟ್‌ಫೀಲ್ಡರ್ ಕೂಡ. ಜಪಾನ್, ಕೊರಿಯಾ ಲೀಗ್‌ಗಳಿಂದ ಬರುವವರಿಗೂ ಅಲ್ಲಿನ ಹಿಂದಿನ ವರ್ಷದ ಲೆಕ್ಕವೇ.

ಹಿಂದಿನ ವರ್ಷವಿಡೀ ಡೆಸಿಗ್ನೇಟೆಡ್ ಹಿಟ್ಟರ್ ಆಗಿ ಬ್ಯಾಟ್ ಮಾತ್ರ ಹಿಡಿದವರು? ಅವರಿಗೆ ಯುಟಿಲಿಟಿ ಬಿಟ್ಟರೆ ಬೇರೆ ಜಾಗವಿಲ್ಲ. 2022ರಿಂದ ನ್ಯಾಷನಲ್ ಲೀಗಿನಲ್ಲೂ (ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಅದೊಂದು, ಇನ್ನೊಂದು ಅಮೆರಿಕನ್ ಲೀಗ್) ಈ ಪದ್ಧತಿ ಬಂದ ಮೇಲೆ ಅಂಥವರ ಸಂಖ್ಯೆ ಸಣ್ಣದೇನಲ್ಲ. ನಿಮ್ಮಲ್ಲಿ ಯುಟಿಲಿಟಿ ಜಾಗ ಒಂದೇ ಇದ್ದರೆ, ಅಂಥವರನ್ನು ಇಬ್ಬರನ್ನು ಕೊಂಡವರ ಪಾಡು ಅವರದು. ನಿಯಮದಲ್ಲಿ ಕರುಣೆ ತೋರಿಸಲು ಹೋಗಬೇಡಿ.

ಹೆಜ್ಜೆ 4: ಸೀಸನ್ ನಡುವೆ ಹೊಸ ಸ್ಥಾನ

ಇದನ್ನು ಬೇಗ ಮುಗಿಸಬಹುದು. ಹೊಸ ಸ್ಥಾನಕ್ಕೆ 10 ಪಂದ್ಯ. ಹತ್ತನೆಯ ಪಂದ್ಯದ ಮಾರನೆಯ ದಿನದಿಂದ ಅರ್ಹತೆ, ವಾರಕ್ಕೊಮ್ಮೆ ತಂಡ ಕಟ್ಟುವ ಲೀಗ್ ಆದರೆ ಮುಂದಿನ ಸೋಮವಾರದಿಂದ. ಒಮ್ಮೆ ಬಂದ ಅರ್ಹತೆ ಆ ಸೀಸನ್ ಮುಗಿಯುವವರೆಗೂ ಹೋಗುವುದಿಲ್ಲ. ಈ ಕೊನೆಯ ವಾಕ್ಯ ಬರೆಯಲು ಮರೆಯಬೇಡಿ. ವಾರ್ಶೋ ಕ್ಯಾಚರ್ ಗ್ಲೌಸ್ ಬಿಟ್ಟು ಮೂರು ತಿಂಗಳಾಯಿತು, ಇನ್ನೂ ಹೇಗೆ ಕ್ಯಾಚರ್ ಎಂದು ಕೇಳುವವರು ಇದ್ದೇ ಇರುತ್ತಾರೆ.

ಹೆಜ್ಜೆ 5: ಒಹ್ತಾನಿ

ಇವರಿಗೆ ಒಂದು ಹೆಜ್ಜೆಯನ್ನೇ ಮೀಸಲಿಡಬೇಕು. ಶೋಹೆಯಿ ಒಹ್ತಾನಿ ಬ್ಯಾಟರ್ ಕೂಡ ಹೌದು, ಪಿಚರ್ ಕೂಡ ಹೌದು, ಎರಡರಲ್ಲೂ ಮೊದಲ ಸಾಲಿನವರು. 1980ರಲ್ಲಿ ನಿಯಮ ಬರೆದವರ ಕನಸಿನಲ್ಲೂ ಇಂಥ ಪ್ರಾಣಿ ಬಂದಿರಲಿಕ್ಕಿಲ್ಲ.

ದಾರಿಗಳು ಎರಡು. ಯಾಹೂ ಅವರನ್ನು ಇಬ್ಬರನ್ನಾಗಿ ಸೀಳಿದೆ: ಬ್ಯಾಟರ್ ಒಹ್ತಾನಿ ಒಬ್ಬ, ಪಿಚರ್ ಒಹ್ತಾನಿ ಇನ್ನೊಬ್ಬ. ಇಬ್ಬರನ್ನೂ ಬೇರೆ ಬೇರೆ ಜನ ಕೊಳ್ಳಬಹುದು. ಇನ್ನು ಕೆಲವು ಕಡೆ ಒಬ್ಬರೇ, ಆಯಾ ದಿನ ಬ್ಯಾಟರ್ ಜಾಗದಲ್ಲೋ ಪಿಚರ್ ಜಾಗದಲ್ಲೋ ಕೂರಿಸಿಕೊಳ್ಳುವುದು ಮಾಲೀಕನಿಗೆ ಬಿಟ್ಟದ್ದು. ಪ್ರತಿದಿನ ತಂಡ ಬದಲಿಸಬಹುದಾದ ಲೀಗಿನಲ್ಲಿ ಈ ಎರಡನೆಯ ದಾರಿ ಹಿಡಿದರೆ ಒಂದು ಜಾಗದ ಬೆಲೆಗೆ ಒಂದೂವರೆ ಆಟಗಾರ ಸಿಕ್ಕಂತೆ. ಮೊದಲ ಸರದಿ ಯಾರಿಗೆ ಬಂತೋ ಅವರೇ ಅದೃಷ್ಟವಂತರು, ಉಳಿದ ಹನ್ನೊಂದು ಜನ ಹೊಟ್ಟೆ ಉರಿದುಕೊಂಡು ವರ್ಷ ಕಳೆಯಬೇಕು. ನಮ್ಮದು ಸೀಳುವ ಪಕ್ಷ.

ಸೀಳಿದರೆ ಮುಗಿಯಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾದ ಮೇಲೆ 2024ರಲ್ಲಿ ಅವರು ಒಂದು ಚೆಂಡನ್ನೂ ಪಿಚ್ ಮಾಡಲಿಲ್ಲ. ಬ್ಯಾಟ್ ಹಿಡಿದು 54 ಹೋಮ್ ರನ್ ಹೊಡೆದು 59 ಬೇಸ್ ಕದ್ದರು. ಪಿಚರ್ ಒಹ್ತಾನಿಯನ್ನು ಇಟ್ಟುಕೊಂಡವರು ಅವರನ್ನು ಗಾಯಾಳುಗಳ ಜಾಗಕ್ಕೆ ಹಾಕಬಹುದೇ? ಮೇಜರ್ ಲೀಗ್‌ನ ಗಾಯಾಳು ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ದಿನವೂ ಬ್ಯಾಟ್ ಬೀಸುತ್ತಿರುವ ಮನುಷ್ಯನ ಹೆಸರು ಅಲ್ಲಿ ಹೇಗಿದ್ದೀತು? ಪಿಚಿಂಗ್‌ಗೆ ಮರಳಿದ್ದು 2025ರ ಜೂನ್ 16ರಂದು. ಹಾಗಾಗಿ ನಮ್ಮ ಕಾಗದದಲ್ಲಿ ಹೀಗೆ ಬರೆದಿದೆ: ಸೀಳಿದ ಆಟಗಾರನ ಎರಡು ಅರ್ಧಗಳು ಎಲ್ಲ ಲೆಕ್ಕಕ್ಕೂ ಇಬ್ಬರು. ಗಾಯಾಳು ಜಾಗಕ್ಕೆ ಮಾತ್ರ ಮೇಜರ್ ಲೀಗ್‌ನ ಪಟ್ಟಿಯೇ ಪ್ರಮಾಣ. ಅಲ್ಲಿ ಹೆಸರಿಲ್ಲದಿದ್ದರೆ ಪಿಚರ್ ಅರ್ಧ ಬೆಂಚಿನಲ್ಲಿ ಕೂತಿರಲಿ. ಕಟುವಾಯಿತು ಎನಿಸಬಹುದು. ಡ್ರಾಫ್ಟ್‌ಗೆ ಮೊದಲೇ ಗೊತ್ತಿದ್ದರೆ ಯಾರೂ ಪಿಚರ್ ಅರ್ಧಕ್ಕೆ ಹುಚ್ಚು ಬೆಲೆ ಕೊಡುವುದಿಲ್ಲ.

ಹೆಜ್ಜೆ 6: ಪಿಚರ್‌ಗಳು

ನಿಮ್ಮ ಲೀಗಿನಲ್ಲಿ ‘ಪಿಚರ್’ ಎಂಬ ಒಂದೇ ಬಗೆಯ ಒಂಬತ್ತು ಜಾಗವಿದ್ದರೆ ಈ ಹೆಜ್ಜೆ ದಾಟಿ ಮುಂದೆ ಹೋಗಿ, ನೀವು ಪುಣ್ಯವಂತರು. ಆರಂಭಿಕ ಪಿಚರ್ ಬೇರೆ, ರಿಲೀವರ್ (ಪಂದ್ಯದ ನಡುವೆ ಬಂದು ಪಿಚ್ ಮಾಡುವವನು) ಬೇರೆ ಎಂದು ಜಾಗ ವಿಂಗಡಿಸಿದ್ದರೆ ಎರಡಕ್ಕೂ ಅಂಕಿ ಬೇಕು. ಯಾಹೂ ಲೆಕ್ಕ 3 ಪಂದ್ಯಾರಂಭ, ಅಥವಾ 5 ಸಲ ನಡುವೆ ಬಂದು ಪಿಚ್ ಮಾಡಿದ್ದು.

ತೊಡಕು ಶುರುವಾದದ್ದು 2018ರ ಮೇ 19ರಂದು. ಟ್ಯಾಂಪಾ ಬೇ ತಂಡ ಹುಟ್ಟಾ ರಿಲೀವರ್ ಆದ ಸರ್ಜಿಯೊ ರೋಮೊ ಅವರನ್ನು ಪಂದ್ಯದ ಮೊದಲ ಇನಿಂಗ್ಸ್‌ಗೆ ಇಳಿಸಿ, ಆಮೇಲೆ ನಿಜವಾದ ಪಿಚರ್‌ನನ್ನು ತಂದಿತು. ಮಾರನೆಯ ದಿನ ಮತ್ತೆ ರೋಮೊ. ಇದಕ್ಕೆ ‘ಓಪನರ್’ ತಂತ್ರ ಎಂದು ಹೆಸರು ಬಿತ್ತು. ಒಂದೊಂದೇ ಇನಿಂಗ್ಸ್ ಎಸೆಯುವ ರಿಲೀವರ್ ಕಾಗದದ ಮೇಲೆ ಆರಂಭಿಕ ಪಿಚರ್ ಆದ, ಐದು ಇನಿಂಗ್ಸ್ ಎಸೆದವನು ರಿಲೀವರ್ ಆದ. ಅಂಕದ ಲೆಕ್ಕದ ಲೀಗ್‌ಗಳಲ್ಲಿ ಇನಿಂಗ್ಸ್ ಹೆಚ್ಚಿದಷ್ಟೂ ಅಂಕ. ಹಾಗಾಗಿ ರಿಲೀವರ್ ಜಾಗದಲ್ಲಿ ಕೂರಿಸಲು ಬರುವ ಆರಂಭಿಕ ಪಿಚರ್ ಎಂದರೆ ಚಿನ್ನದ ಗಟ್ಟಿ. ‘ಸ್ಪಾರ್ಪ್’ ಎಂಬ ಅಡ್ಡಹೆಸರೇ ಇದೆ ಅಂಥವರಿಗೆ. ನಿಮಗೆ ಆ ಸಂತೆ ಬೇಡವಾದರೆ ರಿಲೀವರ್ ಜಾಗವನ್ನೇ ತೆಗೆದುಹಾಕಿ. ಬೇಕಿದ್ದರೆ ಅಂಕಿ ಇಟ್ಟು ಸುಮ್ಮನಿರಿ. ‘ನಿಜವಾದ ರಿಲೀವರ್ ಯಾರು’ ಎಂಬ ತತ್ತ್ವಶಾಸ್ತ್ರಕ್ಕೆ ಇಳಿದರೆ ತಳ ಸಿಗುವುದಿಲ್ಲ.

ಹೀನಾಯವಾಗಿ ಸೋಲುತ್ತಿರುವಾಗ ತಂಡಗಳು ಮಾಮೂಲಿ ಬ್ಯಾಟರ್‌ಗಳಿಂದ ಪಿಚ್ ಮಾಡಿಸುವುದುಂಟು. ಅದು ಪಿಚರ್ ಅರ್ಹತೆಯಲ್ಲ. ಒಂದು ಸಾಲು ಬರೆದಿಡಿ.

ಹೆಜ್ಜೆ 7: ಒಂದೇ ಲೀಗಿನ ಆಟಗಾರರನ್ನು ಕೊಳ್ಳುವವರಿಗೆ

ಅಮೆರಿಕನ್ ಲೀಗ್ ಮಾತ್ರ ಅಥವಾ ನ್ಯಾಷನಲ್ ಲೀಗ್ ಮಾತ್ರ ಎಂದು ಆಡುವವರು ಸ್ಥಾನದ ಜೊತೆಗೆ ಊರನ್ನೂ ನೋಡಬೇಕು. ಇಲ್ಲಿ ನಿಜವಾದ ಮನಸ್ತಾಪಗಳು ಹುಟ್ಟುತ್ತವೆ, ಏಕೆಂದರೆ ಕೈಗೆ ಬಂದ ಆಟಗಾರ ಕಣ್ಣೆದುರೇ ಮಾಯವಾಗುತ್ತಾನೆ. 2008ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ನ ಪಿಚರ್ ಸಿ. ಸಿ. ಸಬಾತಿಯಾ ಮಿಲ್ವಾಕಿಗೆ, ಅಂದರೆ ಅಮೆರಿಕನ್ ಲೀಗಿನಿಂದ ನ್ಯಾಷನಲ್ ಲೀಗಿಗೆ ಹೋದರು. ಹೋದ ಮೇಲೆ 11 ಗೆಲುವು, 2 ಸೋಲು, ಒಂಬತ್ತು ಇನಿಂಗ್ಸ್‌ಗೆ ಪಿಚರ್ ಹೊಣೆಯಿಂದ ಹೋದ ರನ್‌ಗಳ ಸರಾಸರಿ ಬರೀ 1.65. ಅಮೆರಿಕನ್ ಲೀಗ್‌ನವರು ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟಬೇಕಾಯಿತು.

2025ರಲ್ಲಿ ರಫೇಲ್ ಡೆವರ್ಸ್ ಇನ್ನೂ ದೊಡ್ಡ ಪಾಠ. ಬಾಸ್ಟನ್‌ನಲ್ಲಿ ವರ್ಷಗಟ್ಟಲೆ ಥರ್ಡ್ ಬೇಸ್ ಕಾದವರು, ಆ ವರ್ಷ ಅಲ್ಲಿ ಬೇರೊಬ್ಬರು ಬಂದದ್ದರಿಂದ ಬರೀ ಬ್ಯಾಟ್ ಹಿಡಿದರು. ಫರ್ಸ್ಟ್ ಬೇಸ್‌ಗೆ ಹೋಗಿ ಎಂದಾಗ ಒಲ್ಲೆ ಎಂದರು. ಜೂನ್ 15ರಂದು ಬಾಸ್ಟನ್ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟುಬಿಟ್ಟಿತು. ಅಲ್ಲಿ ಜುಲೈನಲ್ಲಿ ಫರ್ಸ್ಟ್ ಬೇಸ್‌ನಲ್ಲೇ ನಿಂತರು! ಸ್ಥಾನ, ಲೀಗ್ ಎರಡೂ ಒಂದೇ ಬೇಸಿಗೆಯಲ್ಲಿ ಬದಲಾದವು. ಮಾರ್ಚ್‌ನಲ್ಲಿ ಅವರನ್ನು ಥರ್ಡ್ ಬೇಸ್‌ಗೆಂದು ಕೊಂಡವರ ಅರ್ಹತೆಯನ್ನು 2024ರ ಲೆಕ್ಕ ಕಾಪಾಡಿತು. ಅಮೆರಿಕನ್ ಲೀಗ್ ಮಾತ್ರ ಆಡುವವರನ್ನು ಯಾವ ಲೆಕ್ಕವೂ ತಾನಾಗಿ ಕಾಪಾಡುವುದಿಲ್ಲ.

ಎರಡೇ ಆಯ್ಕೆ. ಲೀಗ್ ಬಿಟ್ಟ ಆಟಗಾರನ ಅಂಕಿಗಳು ಅಂದಿನಿಂದಲೇ ನಿಲ್ಲುತ್ತವೆ, ಇದು ಹಳೆಯ ಸಂಪ್ರದಾಯ. ಅಥವಾ ಡ್ರಾಫ್ಟ್‌ನಲ್ಲಿ ಕೊಂಡವನು ಸೀಸನ್ ಮುಗಿಯುವವರೆಗೆ ನಿಮ್ಮವನೇ, ಎಲ್ಲಿ ಆಡಿದರೂ ಅಂಕಿ ನಿಮ್ಮದೇ. ನನಗೆ ಎರಡನೆಯದು ಇಷ್ಟ. ಮೊದಲನೆಯದೇ ಬೇಕೆನ್ನುವವರು, ಆಟಗಾರನನ್ನು ಕಳೆದುಕೊಂಡವರಿಗೆ ಸೀಸನ್ ನಡುವಿನ ಹರಾಜಿನಲ್ಲಿ ಸ್ವಲ್ಪ ಹೆಚ್ಚು ಹಣ ಕೊಡಿ.

ಡ್ರಾಫ್ಟ್ ದಿನ ಯಾವ ತಂಡಕ್ಕೂ ಸೇರದವರು? 2023ರಲ್ಲಿ ಟೆಕ್ಸಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದ ಜೋರ್ಡನ್ ಮಾಂಟ್ಗೊಮರಿ 2024ರ ಮಾರ್ಚ್ ಕೊನೆಯ ವಾರದವರೆಗೂ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ಕೊನೆಗೆ ಸೇರಿದ್ದು ಅರಿಜೋನಾ, ನ್ಯಾಷನಲ್ ಲೀಗ್. ‘ಹಳೆಯ ತಂಡ ಟೆಕ್ಸಸ್, ಆದ್ದರಿಂದ ಅಮೆರಿಕನ್ ಲೀಗ್’ ಎಂದು ಕೊಂಡವರ ಹಣ ನೀರುಪಾಲು. ತಂಡವಿಲ್ಲದವರನ್ನು ಡ್ರಾಫ್ಟ್‌ನಲ್ಲಿ ಕೊಳ್ಳಲೇಬಾರದು ಎನ್ನಿ, ಅಥವಾ ಕೊಂಡವರ ಹೊಣೆ ಎನ್ನಿ. ಯಾವುದಾದರೂ ಸರಿ, ಒಂದನ್ನು ಹೇಳಿ.

ಹೆಜ್ಜೆ 8: ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಹೊಸ ಹುಡುಗರು

ವರ್ಷದಿಂದ ವರ್ಷಕ್ಕೆ ಆಟಗಾರರನ್ನು ಉಳಿಸಿಕೊಳ್ಳುವ ಲೀಗ್‌ಗಳಲ್ಲಿ ಎಳೆಯರಿಗೆ ಬೇರೆ ಜಾಗ ಇರುತ್ತದೆ. ಯಾರು ಎಳೆಯ? ಮೇಜರ್ ಲೀಗ್‌ನ ಹೊಸಬ ಎಂಬ ಲೆಕ್ಕವನ್ನೇ ತೆಗೆದುಕೊಳ್ಳಿ: 130 ಅಟ್-ಬ್ಯಾಟ್ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) ಅಥವಾ 50 ಇನಿಂಗ್ಸ್ ಪಿಚಿಂಗ್ ದಾಟಿದರೆ ಹೊಸಬನಲ್ಲ. ಅವರಲ್ಲಿ 45 ದಿನ ತಂಡದಲ್ಲಿರುವುದೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಮಾತ್ರ ಕೈಬಿಡಿ. ಅಟ್-ಬ್ಯಾಟ್ ಯಾರ ಮೊಬೈಲ್‌ನಲ್ಲೂ ಕಾಣುತ್ತದೆ, ದಿನಗಳನ್ನು ಎಣಿಸುತ್ತ ಕೂರುವವರು ಯಾರು?

ಹೆಜ್ಜೆ 9: ಸೀಸನ್ ಬೇಗ ಶುರುವಾದರೆ

ಇತ್ತೀಚಿನ ತಲೆನೋವು ಇದು. 2024ರಲ್ಲಿ ಡಾಡ್ಜರ್ಸ್ ಮತ್ತು ಸ್ಯಾನ್ ಡಿಯಾಗೊ ಮಾರ್ಚ್ 20, 21ರಂದು ಸಿಯೋಲ್‌ನಲ್ಲಿ ಆಡಿದವು. 2025ರಲ್ಲಿ ಡಾಡ್ಜರ್ಸ್ ಮತ್ತು ಶಿಕಾಗೊ ಕಬ್ಸ್ ಮಾರ್ಚ್ 18, 19ರಂದು ಟೋಕಿಯೊದಲ್ಲಿ ಆಡಿದವು. ಉಳಿದವರ ಸೀಸನ್ ಅದಾದ ಒಂದು ವಾರದ ಮೇಲೆ. ಬಹುತೇಕ ಡ್ರಾಫ್ಟ್‌ಗಳು ನಡೆಯುವುದು ಸರಿಯಾಗಿ ಈ ನಡುವಿನ ವಾರಾಂತ್ಯದಲ್ಲಿ. ಟೋಕಿಯೊದಲ್ಲಿ ಡಾಡ್ಜರ್ಸ್‌ನ ಪಿಚರ್ ರೋಕಿ ಸಸಾಕಿ ತಮ್ಮ ಮೊದಲ ಮೇಜರ್ ಲೀಗ್ ಪಂದ್ಯದ ಮೂರು ಇನಿಂಗ್ಸ್‌ನಲ್ಲಿ ಐವರಿಗೆ ಪುಕ್ಕಟೆ ಬೇಸ್ (ಇದಕ್ಕೆ ‘ವಾಕ್’ ಎನ್ನುತ್ತಾರೆ) ಬಿಟ್ಟುಕೊಟ್ಟರು. ಶನಿವಾರ ಅವರನ್ನು ಕೊಳ್ಳುವವರ ತಲೆಗೆ ಆ ಐದು ವಾಕ್‌ಗಳು ಸೇರಬೇಕೇ ಬೇಡವೇ?

ಡ್ರಾಫ್ಟ್‌ಗೆ ಮುಂಚಿನ ಅಂಕಿಗಳು ಯಾರ ಖಾತೆಗೂ ಇಲ್ಲ, ಆದರೆ ಸ್ಥಾನದ ಅರ್ಹತೆಗೆ ಆ ಪಂದ್ಯಗಳೂ ಲೆಕ್ಕಕ್ಕಿವೆ ಎಂದು ನಾವು ಬರೆದುಕೊಂಡಿದ್ದೇವೆ. ನಿಮ್ಮ ಆ್ಯಪ್ ಅಂಕಿಗಳನ್ನು ತಾನಾಗಿ ಸೇರಿಸಿಬಿಡುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ಹೆಜ್ಜೆ 10: ಬರೆಯಿರಿ, ಮತ ಹಾಕಿಸಿ, ಬೀಗ ಹಾಕಿ

ಉದ್ದ ಬೇಡ. ನಮ್ಮ ಕಾಗದದ ಮೊದಲ ಭಾಗ ಇಷ್ಟೇ:

‘ಹಿಂದಿನ ಸೀಸನ್‌ನಲ್ಲಿ ಒಂದು ಸ್ಥಾನದಲ್ಲಿ 20 ಅಥವಾ ಹೆಚ್ಚು ಪಂದ್ಯ ಆಡಿದವರು ಆ ಸ್ಥಾನಕ್ಕೆ ಅರ್ಹರು. ಒಟ್ಟು 20 ಆಡಿಯೂ ಒಂದೇ ಕಡೆ 20 ಆಗದಿದ್ದರೆ ಅತಿ ಹೆಚ್ಚು ಆಡಿದ ಒಂದು ಸ್ಥಾನಕ್ಕೆ ಮಾತ್ರ. ಈ ಸೀಸನ್‌ನಲ್ಲಿ 10 ಪಂದ್ಯ ಆಡಿದರೆ ಹೊಸ ಸ್ಥಾನ ಸೇರುತ್ತದೆ, ಸೇರಿದ್ದು ಸೀಸನ್ ಮುಗಿಯುವವರೆಗೆ ಹೋಗುವುದಿಲ್ಲ. ಆ್ಯಪ್‌ಗೂ ಈ ಕಾಗದಕ್ಕೂ ವ್ಯತ್ಯಾಸ ಬಂದರೆ ಕಾಗದವೇ ಸರಿ. ಕಾಗದದಲ್ಲಿ ಇಲ್ಲದ ವಿಷಯಕ್ಕೆ ಆ್ಯಪ್ ಸರಿ.’

ಕೊನೆಯ ಎರಡು ವಾಕ್ಯಗಳಿಗೇ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಏನೇ ಬರೆದರೂ ಬರೆಯದೆ ಉಳಿಯುವುದು ಇದ್ದೇ ಇರುತ್ತದೆ, ಆಗ ಎಲ್ಲಿ ನೋಡಬೇಕೆಂದು ಅವು ಹೇಳುತ್ತವೆ.

ಡ್ರಾಫ್ಟ್‌ಗೆ ಎರಡು ವಾರ ಮೊದಲು ಎಲ್ಲರಿಗೂ ಕಳಿಸಿ. ಮತಕ್ಕೆ ಹಾಕುವಾಗ ಉದಾಹರಣೆಯಾಗಿ ಈ ವರ್ಷದ ಆಟಗಾರರ ಹೆಸರು ಹೇಳಬೇಡಿ. ಹೆಸರು ಕೇಳಿದ ಕೂಡಲೇ ಪ್ರತಿಯೊಬ್ಬರೂ ಮನಸ್ಸಿನಲ್ಲೇ ಹರಾಜು ಶುರು ಮಾಡುತ್ತಾರೆ. ಹಳೆಯ ಉದಾಹರಣೆಗಳನ್ನೇ ಕೊಡಿ, ಇಲ್ಲಿ ನಾನು ಕೊಟ್ಟಂತೆ. ಡ್ರಾಫ್ಟ್‌ಗೆ 48 ಗಂಟೆ ಇರುವಾಗ ಬೀಗ. ಆಮೇಲಿನ ತಿದ್ದುಪಡಿ ಮುಂದಿನ ವರ್ಷಕ್ಕೆ.

ಡ್ರಾಫ್ಟ್ ರಾತ್ರಿ

ಆಕ್ಷೇಪ ಇದ್ದರೆ ಮುಂದಿನವರ ಆಯ್ಕೆಗೆ ಮುಂಚೆ ಎತ್ತಬೇಕು, ಅದು ದಾಟಿದರೆ ಇಲ್ಲ. ಗಡಿಯಾರ ನಿಲ್ಲಿಸಿ ಐದು ನಿಮಿಷದಲ್ಲಿ ಕಾಗದ ನೋಡಿ ಹೇಳುವುದು ಕಮಿಷನರ್ ಕೆಲಸ. ಆಯ್ಕೆ ಕಮಿಷನರ್‌ದೇ ಆಗಿದ್ದರೆ ತೀರ್ಪು ಇನ್ನೊಬ್ಬರದು, ಆ ಇನ್ನೊಬ್ಬರು ಯಾರೆಂದು ಮೊದಲೇ ಗೊತ್ತಿರಬೇಕು. ಅನರ್ಹ ಎಂದಾದರೆ ಆಯ್ಕೆ ಹಿಂದೆಗೆದುಕೊಂಡು ಬೇರೊಬ್ಬನನ್ನು ಆರಿಸಲು ಎರಡು ನಿಮಿಷ ಕೊಡಿ.

ಹೆಸರಿನ ಗೊಂದಲ ಇನ್ನೊಂದು. 2020ರ ಅಕ್ಟೋಬರ್‌ನಲ್ಲಿ ಡಾಡ್ಜರ್ಸ್‌ನ ಕ್ಯಾಚರ್ ವಿಲ್ ಸ್ಮಿತ್ ಅಟ್ಲಾಂಟಾದ ಪಿಚರ್ ವಿಲ್ ಸ್ಮಿತ್‌ಗೆ ಹೋಮ್ ರನ್ ಹೊಡೆದರು. ಅಲ್ಲಿ ಒಬ್ಬರು ಕ್ಯಾಚರ್ ಒಬ್ಬರು ಪಿಚರ್, ಜಾಗ ನೋಡಿದರೆ ತಿಳಿಯುತ್ತದೆ. 2025ರಲ್ಲಿ ಮ್ಯಾಕ್ಸ್ ಮನ್ಸಿ ಇಬ್ಬರಾದರು, ಒಬ್ಬರು ಡಾಡ್ಜರ್ಸ್‌ನ ಹಳಬರು, ಇನ್ನೊಬ್ಬರು ಅಥ್ಲೆಟಿಕ್ಸ್‌ನ ಹೊಸ ಹುಡುಗ, ಇಬ್ಬರೂ ಒಳಮೈದಾನದವರು. ನಮ್ಮಲ್ಲೊಬ್ಬರು ಅವಸರದಲ್ಲಿ ತಪ್ಪು ಮನ್ಸಿಯ ಮೇಲೆ ಬೆರಳೊತ್ತಿ, “ನಾನು ಹೇಳಿದ್ದು ಹಿರಿಯರನ್ನು” ಎಂದು ಗೋಗರೆದರು. ಹುಟ್ಟಿದ ದಿನ ಕೇಳಿಕೊಂಡು ಬೇರ್ಪಡಿಸೋಣ ಎಂದು ಯಾರೋ ಸಲಹೆ ಕೊಟ್ಟರು. ತೆಗೆದು ನೋಡಿದರೆ ಇಬ್ಬರೂ ಹುಟ್ಟಿದ್ದು ಆಗಸ್ಟ್ 25ರಂದೇ, ವರ್ಷ ಮಾತ್ರ ಬೇರೆ. ಈಗ ನಮ್ಮ ಕಾಗದದ ಕಟ್ಟಕಡೆಯ ಸಾಲು ಹೀಗಿದೆ: ‘ಆಟಗಾರನ ಹೆಸರಿನ ಜೊತೆ ತಂಡದ ಹೆಸರನ್ನೂ ಗಟ್ಟಿಯಾಗಿ ಹೇಳಿ, ಆಮೇಲೆ ಬೆರಳೊತ್ತಿ.’